ಭಾವಮೈದುನನ ಬೀಗ

"ಕಟ್ಟರ್ ಕೆಳಗಿಡಿ ಸಾರ್!"

ಮೊಬೈಲ್ ಕಂಪನಿಯ ಮ್ಯಾನೇಜರ್ ಕಿವಿಗೇ ಹಾಕಿಕೊಳ್ಳಲಿಲ್ಲ. ಕಟ್ಟರಿನ ಬಾಯಿ ಆಗಲೇ ಸ್ವಿಚ್ ಪೆಟ್ಟಿಗೆಯ ಬೀಗವನ್ನು ಕಚ್ಚಿತ್ತು. ಅವನ ಬಾಡಿಗಾರ್ಡ್ ನನ್ನ ಕೈಯನ್ನು ಬೆನ್ನ ಹಿಂದೆ ತಿರುಚಿ ಹಿಡಿದಿದ್ದ.

ಒಂಬತ್ತನೇ ಮಹಡಿಯ ತಾರಸಿ. ನಮ್ಮ ತಲೆಯ ಮೇಲೆ ಟವರ್. ಟವರಿನ ತುದಿಯಲ್ಲಿ ನನ್ನ ಹೆಂಡತಿಯ ತಮ್ಮ... ಬಿಚ್ಚಿದ ಕರೆಂಟ್ ವೈರ್ ಹಿಡಿದುಕೊಂಡು!

ಈ ಕಸುಬಿನ ಪದ್ಧತಿ ಕೇಳಿ. ಮೇಲೆ ಹತ್ತುವವನು ಸ್ವಿಚ್ ಆಫ್ ಮಾಡಿ ತನ್ನದೇ ಬೀಗ ಜಡಿಯುತ್ತಾನೆ. ಕೀಲಿಯನ್ನು ಜೇಬಿಗೆ ಹಾಕಿಕೊಂಡೇ ಹತ್ತುತ್ತಾನೆ. ಅವನು ಇಳಿದು ಬರುವ ತನಕ ಆ ಬೀಗವನ್ನು ಕಂಪನಿಯ ಯಜಮಾನನೂ ಮುಟ್ಟುವಂತಿಲ್ಲ.

ನಾನು ಆ ಮೊಬೈಲ್ ಕಂಪನಿಯ ಪಂಚಾಯ್ತಿ ಮಾಡುವವನು. ಕಟ್ಟಡದ ಮಾಲೀಕರು ತಕರಾರು ತೆಗೆದರೆ ನನ್ನನ್ನು ಕಳಿಸುತ್ತಾರೆ. ಹೆದರಿಸಿ ಗೊತ್ತು, ಹೆದರಿ ಗೊತ್ತಿಲ್ಲ.

ಅವತ್ತು ಹೆದರಿದ್ದೆ.

"ಕೆಳಗೆ ಮಂತ್ರಿಗಳು ಸ್ಟೇಜ್ ಮೇಲಿದಾರೆ! ಫೈವ್-ಜಿ ಆನ್ ಆಗ್ಬೇಕು. ಈಗಲೇ!"

"ಮೇಲೆ ಮನುಷ್ಯ ಇದಾನೆ!"

"ವೈರ್ ಬಿಡು ಅಂತ ಕೂಗಿ ಹೇಳು."

"ಈ ಗಾಳೀಲಿ ಎಲ್ಲಿ ಕೇಳ್ಸುತ್ತೆ?"

"ಹಾಗಾದ್ರೆ ಅವನ ಹಣೆಬರಹ."

ಕಟಕ್!

ಬೀಗ ಬಿತ್ತು.

ನಾನು ತಲೆಯನ್ನು ರಪ್ಪನೆ ಹಿಂದಕ್ಕೆ ಬೀಸಿದೆ. ಬಾಡಿಗಾರ್ಡನ ಮೂಗು ಮುರಿದ ಸದ್ದು... ಹಿಡಿತ ಸಡಿಲವಾಯಿತು. ಮ್ಯಾನೇಜರನ ಕೈ ಸ್ವಿಚ್ಚಿನ ಹತ್ತಿರ ಹೋಗಿತ್ತು. ಅವನ ಮೇಲೆ ಹಾರಿ ಬಿದ್ದೆ. ಇಬ್ಬರೂ ಸಿಮೆಂಟಿನ ಮೇಲೆ ಉರುಳಿದೆವು. ಟೈ ಹಿಡಿದೆಳೆದು ತಾರಸಿಯ ಮೋಟುಗೋಡೆಗೆ ಒತ್ತಿದೆ.

"ಮುಟ್ಟಿದ್ರೆ... ಲಿಫ್ಟ್ ಇಲ್ದೇನೇ ಕೆಳಗೆ ಹೋಗ್ತೀಯ!"

ಅಷ್ಟರಲ್ಲಿ ಕೆಳಗಿನಿಂದ ಚಪ್ಪಾಳೆ! ಮೈಕ್ ಅರಚಿತು. "ಆನ್ ಆಯ್ತು! ಎಂಥಾ ಸ್ಪೀಡು ನೋಡಿ!"

ನಾನು ಸ್ವಿಚ್ ನೋಡಿದೆ. ಆಫ್!

ಟೈ ಬಿಟ್ಟೆ. ಮ್ಯಾನೇಜರ್ ಕೆಳಗೆ ಫೋನ್ ಮಾಡಿದ. ಕೇಳಿಸಿಕೊಳ್ಳುತ್ತಲೇ ಬಿಳಿಚಿಕೊಂಡ.

"ಫೈವ್-ಜಿ ಅಂತ ತೋರ್ಸೋಕೆ ಸ್ಟೇಜ್ ಕೆಳಗೆ ವೈಫೈ ಇಟ್ಟಿದ್ರಂತೆ... ಬೆಳಗ್ಗೇನೇ. ನಂಗೆ ಯಾರೂ ಹೇಳ್ಲಿಲ್ಲ."

ಆ ಸುಳ್ಳು ಚಪ್ಪಾಳೆಗಾಗಿ ಹುಡುಗ ಸುಟ್ಟು ಕರಕಲಾಗುತ್ತಿದ್ದ! ನನಗೆ ಮೈಯೆಲ್ಲ ಉರಿದುಹೋಯಿತು. ಮ್ಯಾನೇಜರ್ ಟೈ ಸರಿಮಾಡಿಕೊಂಡು, ಬಾಡಿಗಾರ್ಡನನ್ನು ಕರೆದುಕೊಂಡು ಮೆಟ್ಟಿಲಿಳಿದು ಹೋದ.

ಭಾವಮೈದುನ ಕೆಳಗಿಳಿದು ಬಂದ. ತುಂಡಾದ ಬೀಗ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಜೇಬಿನಲ್ಲಿ ಕೀಲಿ ಇದೆಯಾ ಅಂತ ತಡವಿ ನೋಡಿಕೊಂಡ.

"ಭಾವ... ಅಕ್ಕಂಗೆ ಹೇಳ್ಬೇಡಿ."

ಇಬ್ಬರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು. ಕಂಪನಿಯ ಮೆಸೇಜ್. ಉದ್ಘಾಟನೆಗೆ ಅಡ್ಡಿ ಮಾಡಿದ್ದಕ್ಕೆ ಇಬ್ಬರನ್ನೂ ಕೆಲಸದಿಂದ ತೆಗೆದಿದ್ದರು.

ಬಂದದ್ದು ಹಳೇ ನೆಟ್‌ವರ್ಕಿನಲ್ಲೇ. ಆದರೂ ಎಷ್ಟು ಫಾಸ್ಟು ನೋಡಿ!