ಬೆರಳಿಗೆ ಬೀಗ ಹಾಕಿದ ಮಾಂತ್ರಿಕ

ಬೆಟ್ಟಗಳಿಗೆ ಕೂರಲು ಸರಿಯಾದ ಜಾಗ ಸಿಗದೆ ಅವು ಇನ್ನೂ ಅತ್ತಿತ್ತ ಓಡಾಡುತ್ತಿದ್ದ ಕಾಲದಲ್ಲಿ ಮಿನುಗೂರು ಎಂಬ ಒಂದು ರಾಜ್ಯವಿತ್ತು. ಎಲ್ಲಿತ್ತು ಎಂದು ಮಾತ್ರ ಕೇಳಬೇಡಿ. ದಾರಿ ನನಗೆ ಚೆನ್ನಾಗಿ ಗೊತ್ತು. ಹೇಳಿದರೆ ನಾಳೆಯೇ ನೀವೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತೀರಿ, ಅದಕ್ಕೇ ಸುಮ್ಮನಿದ್ದೇನೆ.

ಆ ರಾಜ್ಯದಲ್ಲಿ ಪ್ರತಿಯೊಬ್ಬರ ಬಳಿಯೂ ಒಂದು ಅಂಗೈಗನ್ನಡಿ ಇತ್ತು. ಬೆರಳಿನಿಂದ ಮುಟ್ಟಿದರೆ ಅದಕ್ಕೆ ಎಚ್ಚರವಾಗುತ್ತಿತ್ತು. ಸವರಿದರೆ ಒಂದು ಚಿತ್ರ ಹೋಗಿ ಇನ್ನೊಂದು ಬರುತ್ತಿತ್ತು. ಎರಡು ಬೆರಳಿಟ್ಟು ಅಗಲಿಸಿದರೆ ಇರುವೆ ಎಮ್ಮೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಏಳು ಬೆಟ್ಟದಾಚೆಯ ಸೋದರತ್ತೆ ಅದರೊಳಗಿಂದಲೇ "ಊಟ ಆಯ್ತೇನೋ?" ಎಂದು ಕೇಳುತ್ತಿದ್ದಳು.

ಈ ಕನ್ನಡಿಗಳನ್ನು ಮಾಡುವವರು ಇಬ್ಬರೇ. ಒಬ್ಬ ಧೂಮಾಕ್ಷನೆಂಬ ಮಾಂತ್ರಿಕ. ವಯಸ್ಸು ಮುನ್ನೂರು. ಮಾತಾಡಿದರೆ ಮೂಗಿನಿಂದ ಹೊಗೆ ಬರುತ್ತಿತ್ತು. ಪ್ರತಿ ಯುಗಾದಿಗೂ ಅವನು ಹೊಸ ಕನ್ನಡಿ ಬಿಡುತ್ತಿದ್ದ. ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ವ್ಯತ್ಯಾಸವೆಂದರೆ ಬೆನ್ನ ಮೇಲೆ ಒಂದು ಕಣ್ಣು ಜಾಸ್ತಿ. ಅಷ್ಟಕ್ಕೇ ಜನ ಕೋಳಿ ಕೂಗುವ ಮೊದಲು ಬಂದು ಅವನ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು.

ಇನ್ನೊಬ್ಬಳು ದೇಮಕ್ಕ. ಅವಳೂ ಅವಳ ಅಣ್ಣ ಬಾಚಣ್ಣನೂ ಊರಾಚೆ ಒಂದು ಸಣ್ಣ ಕನ್ನಡಿಮನೆ ನಡೆಸುತ್ತಿದ್ದರು. ಅವಳು ಗಾಜು ಕಾಯಿಸುವಳು, ಅವನು ಉಜ್ಜುವನು. ಅವರ ಕನ್ನಡಿ ತೆಂಗಿನಮರದ ತುದಿಯಿಂದ ಬಿದ್ದರೂ ಬಿರುಕು ಬಿಡುತ್ತಿರಲಿಲ್ಲ. ಒಮ್ಮೆ ಬಿಸಿಲು ಕುಡಿದರೆ ಹುಣ್ಣಿಮೆಯಿಂದ ಹುಣ್ಣಿಮೆಗೆ ಸಾಕು. ನನ್ನ ಮುತ್ತಾತನ ಕನ್ನಡಿ ಬಾವಿಗೆ ಬಿದ್ದು ಅವನ ಮದುವೆಯವರೆಗೂ ಅಲ್ಲೇ ಇತ್ತು. ತೆಗೆದು ನೋಡಿದರೆ ಕೆಟ್ಟಿರಲಿಲ್ಲ, ಕಪ್ಪೆಗಳ ಭಾಷೆಯನ್ನೂ ಕಲಿತಿತ್ತು.

ಆ ಯುಗಾದಿಗೆ ಧೂಮಾಕ್ಷನ ಬಾಗಿಲಿನ ಸಾಲು ಮೆಲ್ಲಗೆ ಬಾಗಿ, ತಿರುಗಿ, ದೇಮಕ್ಕನ ಬಾಗಿಲಿಗೆ ಬಂದು ನಿಂತಿತು. ಧೂಮಾಕ್ಷನಿಗೆ ಕಿವಿಯಿಂದಲೂ ಹೊಗೆ ಬಂತು. ನೇರ ಅರಮನೆಗೆ ಹೋದ. ರಾಜ ಒಳ್ಳೆಯವನೇ. ಆದರೆ ಮೀಸೆ ಹೊಗಳಿದವರು ಏನು ಮುಂದಿಟ್ಟರೂ ಅದಕ್ಕೆ ಮುದ್ರೆ ಒತ್ತಿಬಿಡುತ್ತಿದ್ದ.

"ಮಹಾಪ್ರಭು, ಇಂಥ ಮೀಸೆಯನ್ನು ಮುನ್ನೂರು ವರ್ಷದಲ್ಲಿ ನಾನು ಕಂಡಿಲ್ಲ" ಎಂದ ಧೂಮಾಕ್ಷ. "ಕನ್ನಡಿಯನ್ನು ಮುಟ್ಟುವುದು, ಸವರುವುದು, ಅಗಲಿಸುವುದು, ಈ ಮೂರನ್ನೂ ಲೋಕದಲ್ಲಿ ಮೊದಲು ಕಂಡುಹಿಡಿದವನು ನಾನು. ಇವು ನನ್ನ ಸ್ವತ್ತು. ಬೇರೆಯವರು ತಮ್ಮ ಕನ್ನಡಿಯಲ್ಲಿ ಇವನ್ನು ಇಟ್ಟರೆ ಅವರ ಕೈ ಕಲ್ಲಾಗಲಿ."

"ಆಗಲಿ" ಎಂದ ರಾಜ, ಮೀಸೆ ತೀಡುತ್ತಲೇ. ಮೂರು ಮುದ್ರೆ ಬಿತ್ತು.

ಮರುದಿನ ಬೆಳಗ್ಗೆ ಬಾಚಣ್ಣ ಹೊಸ ಕನ್ನಡಿಯೊಂದನ್ನು ಪರೀಕ್ಷಿಸಲು ಸವರಿದ.

"ದೇಮೀ, ಬೆರಳು ಯಾಕೋ ತಣ್ಣಗಾಯ್ತಲ್ಲೇ" ಎಂದ. ನೋಡಿದರೆ ಬಲಗೈ ಮೊಣಕೈವರೆಗೂ ಕಲ್ಲು.

ಅಷ್ಟರಲ್ಲಿ ಬಾಗಿಲಲ್ಲಿ ಹೊಗೆ ಕಾಣಿಸಿತು. ಹೊಗೆಯ ಹಿಂದೆ ಧೂಮಾಕ್ಷ. "ಒಲೆ ಆರಿಸಿ ಬಾಗಿಲು ಹಾಕು ಹುಡುಗಿ. ನಿನ್ನ ಅಣ್ಣನ ಕೈ ಬಿಟ್ಟುಕೊಡ್ತೀನಿ."

ದೇಮಕ್ಕ ಒಲೆಗೆ ಇನ್ನೊಂದು ಸೌದೆ ಇಟ್ಟಳು. "ಒಲೆ ಆರಲ್ಲ. ಅಣ್ಣನ ಕೈಯನ್ನೂ ಬಿಡಿಸಿಕೊಳ್ತೀನಿ. ಸಭೆಯಲ್ಲಿ ಸಿಗು."

ಮಿನುಗೂರಿನಲ್ಲಿ ತೀರ್ಪು ಕೊಡುತ್ತಿದ್ದುದು ಒಂದು ಆಮೆ. ಅದರ ವಯಸ್ಸು ಅದಕ್ಕೇ ಮರೆತುಹೋಗಿತ್ತು. ಆಮೆ ತಲೆ ಒಳಗೆ ಎಳೆದುಕೊಂಡಿತೆಂದರೆ ಯೋಚಿಸುತ್ತಿದೆ ಎಂದರ್ಥ. ಒಂದು ಸಲ ಹಾಗೆ ಎಳೆದುಕೊಂಡ ತಲೆ ಹೊರಗೆ ಬರುವಷ್ಟರಲ್ಲಿ, ಜಗಳವಾಡಿಕೊಂಡು ಬಂದಿದ್ದ ಎರಡು ಮನೆಯವರು ಕಾದು ಕಾದು ಬೀಗರಾಗಿದ್ದರು.

"ಕೇಳಮ್ಮಾ" ಎಂದಿತು ಆಮೆ. "ಇವನಿಗಿಂತ ಮೊದಲೇ ಯಾರಾದರೂ ಮಾಡಿದ್ದರೆ ಅದು ಇವನ ಸ್ವತ್ತಲ್ಲ. ಸಾಕ್ಷಿ ತಂದರೆ ಮುದ್ರೆ ಒಡೆಯುತ್ತೆ. ಸೋತರೆ ನಿನ್ನ ಅಣ್ಣನ ಮೈಗೆ ಕಲ್ಲು ಇನ್ನಷ್ಟು ಏರುತ್ತೆ. ಮೊದಲು ಸವರುವುದು. ಸಾಕ್ಷಿ ಎಲ್ಲಿ?"

ದೇಮಕ್ಕ ಸೆರಗಿನೊಳಗಿಂದ ಒಂದು ಅಳಿಲನ್ನು ತೆಗೆದು ನೆಲದ ಮೇಲೆ ಬಿಟ್ಟಳು.

ಸಭೆ ಗೊಳ್ಳೆಂದು ನಕ್ಕಿತು. ಧೂಮಾಕ್ಷನೂ ನಕ್ಕ. ಆಮೆ ಮಾತ್ರ ಕತ್ತು ಚಾಚಿ ಅಳಿಲಿನ ಬೆನ್ನು ನೋಡಿತು.

"ಈ ಗೆರೆ ಯಾರು ಎಳೆದಿದ್ದು ಅಂತ ಹಾಲು ಕುಡಿಯೋ ಮಗುವಿಗೂ ಗೊತ್ತು" ಎಂದಳು ದೇಮಕ್ಕ. "ಒಂದು ಕೈ ಪ್ರೀತಿಯಿಂದ ಸವರಿತು, ಚಿತ್ರ ಮೂಡಿತು. ಆಗ ಈ ಧೂಮಾಕ್ಷ ಎಲ್ಲಿದ್ದ ಕೇಳಿ."

ಮೊದಲ ಮುದ್ರೆ ಹಪ್ಪಳದಂತೆ ಮುರಿಯಿತು. ಬಾಚಣ್ಣನ ಹೆಬ್ಬೆರಳು ಬೆಚ್ಚಗಾಯಿತು.

ಎರಡನೆಯ ಸಭೆಯಲ್ಲಿ ಮುಟ್ಟುವುದು. ದೇಮಕ್ಕ ಒಂದು ಕುಂಡದಲ್ಲಿ ಮುಟ್ಟಿದರೆ ಮುನಿ ಗಿಡ ತಂದಿಟ್ಟಳು. ಬೆರಳು ತಾಕಿದ್ದೇ ಎಲೆಗಳೆಲ್ಲ ಮುದುಡಿದವು. "ನೋಡಿ, ಮುಟ್ಟಿದರೆ ತಿಳಿಯೋದು ಗಿಡಕ್ಕೂ ಗೊತ್ತು."

ಈ ಸಲ ಧೂಮಾಕ್ಷ ಸಿದ್ಧನಾಗಿ ಬಂದಿದ್ದ. "ಆಮೆಯಪ್ಪಾ, ಗಿಡ ಮುಟ್ಟಿದರೆ ಮಲಗುತ್ತೆ. ನನ್ನ ಕನ್ನಡಿ ಮುಟ್ಟಿದರೆ ಏಳುತ್ತೆ. ಮಲಗೋದೂ ಏಳೋದೂ ಒಂದೇನಾ?"

ಆಮೆ ತಲೆ ಒಳಗೆ ಎಳೆದುಕೊಂಡಿತು. ಹೊರಗೆ ಹಾಕಿ ಹೇಳಿತು: "ಒಂದಲ್ಲ."

ಕಲ್ಲು ಸರಸರನೆ ಬಾಚಣ್ಣನ ತೋಳು ಹತ್ತಿ, ಎದೆಗೆ ಇಳಿದು, ಕಾಲು ಹಿಡಿದು, ಮತ್ತೆ ಮೇಲೆ ಬಂದು ಕುತ್ತಿಗೆಯಲ್ಲಿ ನಿಂತಿತು. ತಲೆ ಮಾತ್ರ ಉಳಿಯಿತು. ಅವನನ್ನು ಗಾಡಿಯಲ್ಲಿ ಹೇರಿಕೊಂಡು ಬರಬೇಕಾಯಿತು.

ಮನೆಯಲ್ಲಿ ಒಲೆಯ ಪಕ್ಕ ನಿಲ್ಲಿಸಿದಾಗ ಬಾಚಣ್ಣ ಹೇಳಿದ: "ದೇಮೀ, ಸಾಕು. ನಾವೂ ಹೋಗಿ ರಾಜನ ಮೀಸೆ ಹೊಗಳೋಣ. ಉಸಿರಾಡೋದು ನಮ್ಮ ಸ್ವತ್ತು ಅಂತ ಮುದ್ರೆ ಒತ್ತಿಸಿಬಿಡೋಣ. ಆಗ ಆ ಹೊಗೆಮೂಗ ಏನ್ಮಾಡ್ತಾನೆ ನೋಡೋಣ."

"ಅಣ್ಣಾ, ನಮ್ಮ ಬೆರಳಿನ ಬೀಗ ತೆಗೆಯೋಕೆ ಹೊರಟವಳು ನಾನು. ಇನ್ನೊಬ್ಬರ ಮೂಗಿಗೆ ಬೀಗ ಹಾಕಲ್ಲ."

"ಹಂಗಾದ್ರೆ ಮುಂದಿನ ಸಲ ನನ್ನ ತಲೆಯೂ ಹೋಗುತ್ತೆ ಕಣೇ."

"ಹೋಗಲ್ಲ" ಎಂದಳು ದೇಮಕ್ಕ, ಮತ್ತು ಒಲೆ ಕೆದಕಿದಳು. ಹೇಗೆ ಹೋಗಲ್ಲ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಕೆದಕಿದ ಒಲೆಯಿಂದ ಬೂದಿ ಹಾರಿತು. "ಅಯ್ಯಯ್ಯೋ, ಕಣ್ಣಿಗೆ ಬಿತ್ತು! ಊದೇ, ಊದೇ!" ಎಂದು ಬಾಚಣ್ಣ ಕಿರುಚಿದ. ಪಾಪ, ಉಜ್ಜಿಕೊಳ್ಳಲು ಅವನ ಕೈ ಎಲ್ಲಿದೆ? ದೇಮಕ್ಕ ಓಡಿಬಂದು, ಎರಡು ಬೆರಳಿನಿಂದ ಅವನ ರೆಪ್ಪೆ ಅಗಲಿಸಿ ಉಫ್ ಎಂದು ಊದಿದಳು. ಊದಿದವಳು ಹಾಗೇ ನಿಂತುಬಿಟ್ಟಳು, ಬೆರಳು ಎರಡೂ ಅಗಲಿಸಿಕೊಂಡೇ.

"ಅಣ್ಣಾ, ಆ ಧೂಮಾಕ್ಷನಿಗೂ ಒಬ್ಬ ತಾಯಿ ಇದ್ದಾಳಲ್ಲವಾ?"

ಇದ್ದಳು. ಮಸಿಯಜ್ಜಿ ಎಂದು ಹೆಸರು. ಹೊಗೆಬೆಟ್ಟದ ನೆತ್ತಿಯಲ್ಲಿ ಮೋಡಗಳಿಗೆ ಕಪ್ಪು ಬಳಿಯುವ ಕೆಲಸ ಅವಳದು. ಸಿಕ್ಕವರಿಗೆಲ್ಲ ಮಗ ಚಿಕ್ಕವನಿದ್ದಾಗಿನ ಕತೆ ಹೇಳಿ ಅವನ ಮಾನ ಕಳೆಯುತ್ತಿದ್ದಳು. ಅದಕ್ಕೇ ಧೂಮಾಕ್ಷ ಆ ದಾರಿಗೆ ಒಂದು ಗಂಡಭೇರುಂಡವನ್ನು ಕಾವಲಿಟ್ಟಿದ್ದ. ಆನೆಯನ್ನು ಕೊಕ್ಕಿನಲ್ಲಿ ಎತ್ತುವ ಎರಡು ತಲೆಯ ಹಕ್ಕಿ ಅದು. ನನ್ನನ್ನೂ ಒಮ್ಮೆ ಎತ್ತಲು ನೋಡಿ, ಆಗದೆ ಕೈಬಿಟ್ಟಿತ್ತು. ಆ ಮಾತು ಇರಲಿ.

ದೇಮಕ್ಕ ಬೆಟ್ಟ ಹತ್ತಿದಳು. ಹಕ್ಕಿ ರೆಕ್ಕೆ ಬಿಚ್ಚಿ ಅಡ್ಡ ನಿಂತಿತು. ಅವಳು ಹೆದರಿದಳು, ಆದರೆ ಹಿಂದೆ ಸರಿಯಲಿಲ್ಲ.

"ಒಂದೇ ಮಾತು ಕೇಳ್ತೀನಿ, ಆಮೇಲೆ ತಿನ್ನಿ. ನಿಮ್ಮಲ್ಲಿ ಮೊದಲು ಹುಟ್ಟಿದ ತಲೆ ಯಾವುದು?"

"ನಾನು" ಎಂದಿತು ಎಡತಲೆ.

"ಏನಂದೆ? ನನ್ನ ಕೊಕ್ಕು ನೋಡಿ ಕೊಕ್ಕು ಮಾಡಿಸಿಕೊಂಡವನು ನೀನು!" ಎಂದಿತು ಬಲತಲೆ.

"ನಿನ್ನ ಜುಟ್ಟು ಯಾರ ಜುಟ್ಟಿನ ನಕಲೋ?"

ಜುಟ್ಟು ಜುಟ್ಟು ಹಿಡಿದುಕೊಂಡು ಅವು ಉರುಳಾಡುತ್ತಿರಲು, ದೇಮಕ್ಕ ಪಕ್ಕದಿಂದ ನಡೆದುಹೋದಳು.

ಸಭೆಯ ಸುದ್ದಿಯನ್ನು ಮೋಡಗಳ ಬಾಯಲ್ಲಿ ಕೇಳಿದ್ದ ಮಸಿಯಜ್ಜಿ ಬಳಿಯುವುದನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು. "ನನ್ನ ಮಗನ ಮೇಲೆ ನನ್ನ ಕೈಲೇ ಸಾಕ್ಷಿ ಹೇಳಿಸೋಕೆ ಬಂದ್ಯೇನೇ? ಹೇಳಲ್ಲ, ಹೋಗು."

"ಹೇಳಬೇಡಜ್ಜಿ" ಎಂದಳು ದೇಮಕ್ಕ. "ನಾಳೆ ನಿನ್ನ ಮಗ ತುಂಬಿದ ಸಭೆಯಲ್ಲಿ ಮಾತಾಡ್ತಾನೆ. ಬಂದು ಕಣ್ತುಂಬ ನೋಡಿ ಹೋಗು."

"ಅವನು ಕರೆದೇ ಇಲ್ಲ."

"ನಾನು ಕರೀತಿದ್ದೀನಲ್ಲ."

ಅಜ್ಜಿ ಬಳಿಯುವ ಕುಂಚ ಕೆಳಗಿಟ್ಟಳು. ಆಮೇಲೆ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು.

ಮೂರನೆಯ ಸಭೆ. ಬಾಚಣ್ಣನ ಕಲ್ಲುಮೈಯನ್ನು ಕಂಬದ ಪಕ್ಕ ನಿಲ್ಲಿಸಿದ್ದರು. ಮಸಿಯಜ್ಜಿ ಹಿಂದಿನ ಸಾಲಿನಲ್ಲಿ, ಹೆಂಗಸರ ನಡುವೆ ಕೂತಿದ್ದಳು.

"ಧೂಮಾಕ್ಷ, ಪೂರ್ತಿ ಪಣ ಇಡೋಣ" ಎಂದಳು ದೇಮಕ್ಕ. "ನೀನು ಗೆದ್ದರೆ ನನ್ನ ಕನ್ನಡಿಮನೆ ನಿನ್ನದು, ಅಣ್ಣನ ಜೊತೆ ನಾನೂ ಕಲ್ಲು. ಸೋತರೆ ಉಳಿದ ಎರಡು ಮುದ್ರೆಯೂ ಒಡೆಯಬೇಕು."

"ಬೇಡ ದೇಮೀ!" ಎಂದ ಬಾಚಣ್ಣ.

"ಒಪ್ಪಿದೆ" ಎಂದ ಧೂಮಾಕ್ಷ. "ಆಮೆಯಪ್ಪಾ, ನನ್ನ ಆಣೆಗೂ ನನಗಿಂತ ಮೊದಲು ಎರಡು ಬೆರಳು ಅಗಲಿಸಿದವರು ಈ ಲೋಕದಲ್ಲಿ ಇಲ್ಲ." ಹೇಳುತ್ತ ಹೇಳುತ್ತ ಅವನ ಮೂಗಿನಿಂದ ಹೊಗೆ ಏರಿತು.

"ಹೊಗೆ ಇಷ್ಟೇನಾ?" ಎಂದಳು ದೇಮಕ್ಕ. "ನಮ್ಮನೆ ಹಸಿ ಸೌದೆ ಇದಕ್ಕಿಂತ ಚೆನ್ನಾಗಿ ಹೊಗೆಯಾಡುತ್ತೆ."

ಸಭೆ ಕಿಸಕ್ಕೆಂದಿತು. ಧೂಮಾಕ್ಷ ಕೆರಳಿದ. ಎದೆ ತುಂಬ ಉಸಿರೆಳೆದು ಬುಸ್ಸೆಂದು ಬಿಟ್ಟ. ಹೊಗೆ, ಕಿಡಿ, ಮಸಿ, ಬೂದಿ ಎಲ್ಲ ಚಾವಣಿಗೆ ಬಡಿದು ಕೆಳಗೆ ಸುರಿಯಿತು. ಬಹುಪಾಲು ಅವನ ಮೇಲೆಯೇ.

"ಅಯ್ಯೋ! ಕಣ್ಣು! ಅಮ್ಮಾ!"

"ಉಜ್ಜಬೇಡ್ವೋ! ಕೈ ತೆಗಿ!" ಎಂಬ ಕೂಗು ಹಿಂದಿನ ಸಾಲಿನಿಂದ ಬಂತು. ಮಸಿಯಜ್ಜಿ ಭಟರನ್ನು ಮೊಣಕೈಯಿಂದ ತಿವಿದು, ರಾಜನ ಕಾಲು ತುಳಿದು ಮುಂದೆ ಬಂದಳು. ಮಗನ ಗಲ್ಲ ಹಿಡಿದು, ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಊದಿದಳು. "ಹುಟ್ಟಿದಾಗಿಂದ ಇವನದು ಇದೇ ಗೋಳು. ತಾನೇ ಹೊಗೆ ಬಿಡೋದು, ತಾನೇ ಅಳೋದು. ಇವನ ಕಣ್ಣು ಅಗಲಿಸಿ ಅಗಲಿಸಿ ನನ್ನ ಬೆರಳು ಸವೆದುಹೋಯ್ತು."

ಆಮೆ ಕತ್ತನ್ನು ಉದ್ದಕ್ಕೆ ಚಾಚಿತು. "ಅಜ್ಜಿ, ಎರಡು ಬೆರಳಾ?"

"ಮತ್ತೆ? ಕಣ್ಣಿಗೆ ಹತ್ತೂ ಹಾಕ್ತಾರಾ?"

"ಅದು ಕಣ್ಣು!" ಎಂದು ಧೂಮಾಕ್ಷ ಅರಚಿದ. "ಕನ್ನಡಿಯಲ್ಲ! ಅದರಲ್ಲಿ ಚಿತ್ರ ಎಲ್ಲಿದೆ?"

ಮಸಿಯಜ್ಜಿ ಮಗನ ಮುಖವನ್ನೇ ನೋಡಿದಳು. ಅವಳ ದನಿ ಮೆತ್ತಗಾಯಿತು. "ಯಾಕಿಲ್ಲ ಕಂದಾ? ಅದರಲ್ಲಿ ನನ್ನ ಮುಖ ಇರ್ತಿತ್ತು. ಅಗಲಿಸಿದಷ್ಟೂ ದೊಡ್ಡದಾಗಿ ಕಾಣ್ತಿತ್ತು. ಈಗಲೂ ಇದೆ ನೋಡು."

ಆಮೆ ಯೋಚಿಸಲು ತಲೆ ಎಳೆದುಕೊಳ್ಳಲೂ ಇಲ್ಲ. "ಇವನಲ್ಲ ಮೊದಲು. ಇವನ ತಾಯಿ" ಎಂದಿತು.

ಎರಡು ಮುದ್ರೆಯೂ ಒಟ್ಟಿಗೆ ಒಡೆದವು. ಬಾಚಣ್ಣನ ಮೈಯಿಂದ ಕಲ್ಲು ಹಳೆಯ ಸುಣ್ಣದಂತೆ ಉದುರಿತು. ಜನ ಹೋ ಎಂದರು. ದೇಮಕ್ಕ ಅಳುತ್ತ ಓಡಿದಳು. ಅವನು ಒಂದು ಕೈಯಲ್ಲಿ ಅವಳನ್ನು ತಡೆದು, "ಒಂದು ನಿಮಿಷ ಇರೇ" ಎಂದು ಇನ್ನೊಂದು ಕೈಯಿಂದ ಮೂಗು ತುರಿಸಿಕೊಂಡ. ಎರಡನೆಯ ಸಭೆಯಿಂದಲೂ ತುರಿಸುತ್ತಿತ್ತಂತೆ. ತುರಿಸಿ ಮುಗಿದ ಮೇಲೆ ತಂಗಿಯನ್ನು ತಬ್ಬಿಕೊಂಡು ತಾನೂ ಅತ್ತ.

ಮಸಿಯಜ್ಜಿ ಮಗನ ಕಿವಿ ಹಿಡಿದು ಮನೆಗೆ ಕರೆದೊಯ್ದಳು. ಹೊಗೆ ಬಿಡುವ ಮಂತ್ರವನ್ನು ಅವನ ನಾಲಗೆಯಿಂದ ಕಿತ್ತು ಮೋಡಕ್ಕೆ ಬಳಿದಳು. ಮಂತ್ರ ಹೋದರೂ ಕೈಕಸುಬು ಉಳಿದಿತ್ತು. ಅವನು ದೇಮಕ್ಕನ ಮನೆಯ ಎದುರಿಗೇ ಅಂಗಡಿ ಹಾಕಿದ. ಅಂದಿನಿಂದ ಅವಳ ಗಟ್ಟಿ ಗಾಜು ನೋಡಿ ಅವನು ಇನ್ನೂ ಗಟ್ಟಿ ಗಾಜು ಮಾಡಿದ. ಅವನ ಬೆನ್ನಿನ ಕಣ್ಣು ನೋಡಿ ಅವಳು ಇನ್ನೂ ಚುರುಕು ಕಣ್ಣು ಮಾಡಿದಳು. "ನನ್ನದೇ ಚೆಂದ!" "ಹೋಗಯ್ಯಾ, ನನ್ನದೇ ಚೆಂದ!" ಎಂದು ಬೀದಿಯ ಆಚೆಯಿಂದ ಈಚೆಗೆ ದಿನವೂ ಕೂಗಾಟ. ಜನ ಎರಡೂ ಕಡೆ ನೋಡಿ, ತಮಗೆ ಹಿಡಿಸಿದ್ದನ್ನು ಕೊಂಡುಕೊಂಡರು.

ಮಿನುಗೂರಿನವರು ಇವತ್ತಿಗೂ ಹಾಗೇ ಸುಖವಾಗಿದ್ದಾರೆ. ಎಷ್ಟು ಸುಖವೆಂದರೆ, ಅಲ್ಲಿ ಯಾರಿಗಾದರೂ ಅಳಬೇಕೆನಿಸಿದರೆ ಬುತ್ತಿ ಕಟ್ಟಿಕೊಂಡು ಪಕ್ಕದ ರಾಜ್ಯಕ್ಕೆ ಹೋಗಬೇಕು.