ಎರಡು ಹನಿ ಮೆಷಿನ್ ಎಣ್ಣೆ

"ಇದನ್ನು ಯಾರಾದರೂ ಬಿಚ್ಚಿದ್ದಾರಾ ಮೇಡಂ?"

ಕೌಂಟರಿನ ಆಚೆ ಕೂತಿದ್ದವನು ತೆಲುಗಿನಲ್ಲಿ ಕೇಳಿದ್ದು ಇಷ್ಟೇ. ಅಷ್ಟಕ್ಕೇ ಬಸವರಾಜೇಶ್ವರಿಯ ಮೂಗಿನ ತುದಿ ಕೆಂಪಾಯಿತು.

ಆಂಧ್ರದ ಗಡಿಯೂರು ರಾಯದುರ್ಗದಲ್ಲಿ ಕೌಂಟರ್ ಕಂಡರೆ ಸಾಕು, ಬಾಯಿಗೆ ತೆಲುಗು ತಾನಾಗಿ ಬರುತ್ತದೆ. ಅವಳೂ ಅಲ್ಲಿಯವರೆಗೆ ತೆಲುಗಿನಲ್ಲೇ ಮಾತಾಡಿದ್ದಳು. ಆದರೆ ಜಗಳಕ್ಕೆ ಮನೆಮಾತೇ ಬೇಕು ನೋಡಿ.

"ಯಾರ್ರಿ ಬಿಚ್ಚೋರು? ನಾ ಯಾಕ ಬಿಚ್ಚಲಿ? ಕೂಸಿನ್ನ ನೋಡಿಕೊಂಡಂಗ ನೋಡಿಕೊಂಡೀನಿ ಇದನ್ನ."

ಅವನು ತಲೆಯೆತ್ತಿ ನೋಡಿದ. ಮುಖ ಅರಳಿತು.

"ಕನ್ನಡದೋರಾ? ಮೊದಲೇ ಹೇಳಬಾರ್ದಾ. ನಾನೂ ಅಷ್ಟೇ ಕಣ್ರೀ, ಮಡಕಶಿರಾ ಹತ್ರ ರೊಳ್ಳ."

"ನೀವು ಎಲ್ಲಿಯವರಾದ್ರೂ ಆಗ್ರಿ. ನನ್ನ ಲೆನ್ಸ್ ಸರಿ ಮಾಡ್ರಿ."

ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಕ್ಯಾಮೆರಾ ಕಂಪನಿಯವರು ಒಂದು ಮೇಜು ಹಾಕಿದ್ದರು. ಕೆಟ್ಟ ಕ್ಯಾಮೆರಾ, ಕೆಟ್ಟ ಲೆನ್ಸ್ ಅಲ್ಲಿ ಕೊಟ್ಟರೆ ಬೆಂಗಳೂರಿಗೆ ಹೋಗಿ ರಿಪೇರಿಯಾಗಿ ಬರುತ್ತಿತ್ತು. ಆ ಮೇಜಿನ ಯಜಮಾನ, ಗುಮಾಸ್ತ, ಜವಾನ ಎಲ್ಲ ಇವನೊಬ್ಬನೇ. ಅಂಗಿಯ ಮೇಲಿನ ಬ್ಯಾಡ್ಜಿನಲ್ಲಿ ಗಿರೀಶ್ ಅಂತ ಇತ್ತು.

"ಏನು ತೊಂದ್ರೆ ಹೇಳಿ."

"ಫೋಟೋ ಎಲ್ಲ ಮಂಜು ಕವಿದಂಗ ಬರ್ತಾವ. ಒಮ್ಮೊಮ್ಮೆ ಬರೇ ಬಿಳುಪು. ತಪ್ಪು ಎಲ್ಲೈತಿ ಅಂತ ಗುರುತು ಹಾಕೀನಿ ನೋಡ್ರಿ."

ಲೆನ್ಸಿನ ರಿಂಗಿನ ಹತ್ತಿರ ಒಂದು ಪುಟ್ಟ ಕೆಂಪು ಬಾಣದ ಸ್ಟಿಕರ್ ಅಂಟಿತ್ತು. ಗಿರೀಶನಿಗೆ ನಗು ತಡೆಯಲಾಗಲಿಲ್ಲ.

"ಗಾರ್ಮೆಂಟ್ಸಲ್ಲಿ ಚೆಕರ್ ಆಗಿದ್ರಾ?"

ಆಗಿದ್ದಳು. ಎಂಟು ವರ್ಷ. ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಹೊಲಿದು ಮುಗಿದ ಪ್ಯಾಂಟುಗಳನ್ನು ತಿರುವಿ ನೋಡಿ, ಹೊಲಿಗೆ ತಪ್ಪಿದಲ್ಲಿ, ಕಲೆಯಾದಲ್ಲಿ ಕೆಂಪು ಬಾಣ ಅಂಟಿಸುವುದೇ ಅವಳ ಕೆಲಸ. ಅಲ್ಲಿ ಅಷ್ಟುದ್ದ ಹೆಸರು ಕರೆಯಲು ಯಾರಿಗೂ ಪುರುಸೊತ್ತಿಲ್ಲದೆ ರಾಜಿ ಆದಳು. ಹೆಸರಿಗಷ್ಟೇ ರಾಜಿ, ಯಾವುದಕ್ಕೂ ರಾಜಿ ಆದವಳಲ್ಲ.

ಆ ಎಂಟು ವರ್ಷದ ಪಿಎಫ್ ಹಣದಿಂದ ಈ ಕ್ಯಾಮೆರಾ, ಈ ಲೆನ್ಸ್ ಕೊಂಡು ಊರಿಗೆ ಮರಳಿದ್ದಳು. ರಾಯದುರ್ಗದ ಜೀನ್ಸ್ ಯೂನಿಟ್ಟುಗಳಿಗೆ ವಾಟ್ಸಾಪಿನಲ್ಲಿ ಮಾಲು ತೋರಿಸಲು ಫೋಟೋ ಬೇಕು. ಅದನ್ನು ತೆಗೆಯುವವಳು ಇವಳು. ಕೆಲಸ ಆಗಲೇ ಕುದುರಿತ್ತು. ಲೆನ್ಸ್ ಕೈಕೊಟ್ಟರೆ ಮತ್ತೆ ಬೆಂಗಳೂರಿನ ಬಸ್ಸು, ಮತ್ತೆ ಅದೇ ಹಾಸ್ಟೆಲ್ಲು, ಮತ್ತೆ ಸೂಪರ್‌ವೈಸರನ ಬೈಗುಳ...

ಬೇಡವೇ ಬೇಡ ಅಂದುಕೊಂಡಳು.

"ದೀಪಾವಳಿ ಮಾಲಿನ ಫೋಟೋ ತೆಗೀಬೇಕ್ರಿ. ಲಗೂನ ತರಿಸಿ ಕೊಡ್ರಿ," ಅಂದಾಗ ದನಿ ತಾನಾಗಿಯೇ ಇಳಿದಿತ್ತು.

"ವಾರಂಟಿ ಐತೆ, ಯೋಚನೆ ಮಾಡ್ಬೇಡಿ. ಬಂದ ಕೂಡ್ಲೆ ನಾನೇ ಹೇಳ್ತೀನಿ."

ಅವನು ಹೇಳುವವರೆಗೆ ಕಾಯುವ ಜಾಯಮಾನವೇ ಅವಳದು? ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದಳು.

"ಬಂತೇನ್ರಿ?"

"ಲೆನ್ಸ್ ಇನ್ನೂ ಅನಂತಪುರ ದಾಟಿಲ್ಲ ಕಣ್ರೀ."

ಮೂರನೆಯ ದಿನವೂ ಹನ್ನೊಂದಕ್ಕೆ, "ಬಂತೇನ್ರಿ?" ನಾಲ್ಕನೆಯ ದಿನ ಫೋನ್ ಎತ್ತಿದವನು ಅವಳಿಗಿಂತ ಮೊದಲೇ, "ಬಂದಿಲ್ರಿ, ಇಲ್ರಿ, ಹೌದ್ರಿ," ಅಂದ.

"ಅಣಕಿಸ್ತೀರೇನು?"

"ಕಲೀತಾ ಇದ್ದೀನಿ. ನಮ್ಮ ಕಡೆ ಇಷ್ಟೊಂದು ರಿ ಇಲ್ಲ."

ಅವಳು ನಕ್ಕಳು. ನಕ್ಕಿದ್ದು ಅವನಿಗೆ ಕೇಳಿಸಬಾರದೆಂದು ಫೋನ್ ದೂರ ಹಿಡಿದಳು. ಅವನಿಗೆ ಕೇಳಿಸಿತ್ತು.

ಆಮೇಲಾಮೇಲೆ ಲೆನ್ಸಿನ ಮಾತು ಎರಡು ನಿಮಿಷ, ಬೇರೆ ಮಾತು ಇಪ್ಪತ್ತು ನಿಮಿಷ ಆಗತೊಡಗಿತು. ಲೆನ್ಸ್ ಬಿಚ್ಚಿ ರಿಪೇರಿ ಮಾಡುವುದನ್ನು ಕಲಿಯಬೇಕೆಂದು ಎರಡು ವರ್ಷದಿಂದ ಅವನು ಕಂಪನಿಗೆ ಅರ್ಜಿ ಹಾಕಿದ್ದ. ಈ ಸಲ ತರಬೇತಿಯ ಪಟ್ಟಿಯಲ್ಲಿ ಹೆಸರು ಬಂದಿತ್ತು. ಅದನ್ನು ಮೊದಲು ಹೇಳಿದ್ದು ಅವಳಿಗೆ.

'ನನಗ್ಯಾಕ ಮೊದಲು ಹೇಳಿದ?' ಅಂತ ಅವಳು ಇಡೀ ದಿನ ಯೋಚಿಸಿದಳು. ಅದೇನು ದೊಡ್ಡ ಒಗಟೇ? ಆದರೂ ಯೋಚಿಸುವುದರಲ್ಲಿ ಒಂದು ಸುಖವಿತ್ತು.

ಹನ್ನೆರಡನೆಯ ದಿನ ಅವನೇ ಕರೆದ. "ರಿಪೋರ್ಟ್ ಬಂದೈತೆ. ಒಂದ್ಸಲ ಬನ್ನಿ." ದನಿಯಲ್ಲಿ ತಮಾಷೆ ಇರಲಿಲ್ಲ.

ಅವಳ ಅಪ್ಪ ಸಣ್ಣಬಸಪ್ಪನೂ ಜೊತೆಗೆ ಹೊರಟ. ಅವನು ಜೀನ್ಸ್ ಯೂನಿಟ್ಟುಗಳ ಹೊಲಿಗೆ ಮೆಷಿನ್ ಮೆಕ್ಯಾನಿಕ್. ಯಾರ ಮೆಷಿನ್ ನಿಂತರೂ ಅವನೇ ಬೇಕು. ನಲವತ್ತು ವರ್ಷದ ಎಣ್ಣೆ ಅವನ ಉಗುರಿನ ಸಂದಿಯಲ್ಲಿತ್ತು. ಎಲ್ಲಿಗೂ ಬಾರದವನು ಅವತ್ತು ಯಾಕೆ ಹಟ ಹಿಡಿದು ಬಂದನೋ, ರಾಜಿಗೆ ತಿಳಿಯಲಿಲ್ಲ.

ಗಿರೀಶ್ ಕಾಗದ ಕೈಯಲ್ಲಿ ಹಿಡಿದಿದ್ದ. ಅದರಲ್ಲಿ ಬರೆದಿದ್ದು ಸ್ಪಷ್ಟವಾಗಿತ್ತು. ರಿಂಗಿನ ಸಂದಿಯಿಂದ ಯಾರೋ ಎಣ್ಣೆ ಬಿಟ್ಟಿದ್ದಾರೆ, ಅದು ಒಳಗೆ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ತೆಳು ರೆಕ್ಕೆಗಳಿಗೆಲ್ಲ ಹರಡಿದೆ, ವಾರಂಟಿ ಅನ್ವಯಿಸುವುದಿಲ್ಲ.

"ಏನಂದ್ರೆ ರಾಜಿಯವ್ರೇ... ಇದರೊಳಗೆ..."

ಅವನು ಮಾತು ನಿಲ್ಲಿಸಿದ.

ರಾಜಿಯ ಬೆನ್ನ ಹಿಂದೆ ಸಣ್ಣಬಸಪ್ಪ ನಿಂತಿದ್ದ. ಎರಡೂ ಕೈ ಎದೆಯ ಹತ್ತಿರ ಜೋಡಿಸಿದ್ದ. ಕಪ್ಪಾದ ಉಗುರುಗಳು. ಬೇಡ ಅನ್ನುವಂತೆ ತಲೆ ಮೆಲ್ಲಗೆ ಅಲ್ಲಾಡುತ್ತಿತ್ತು. ಕಣ್ಣು ತುಂಬಿದ್ದವು.

ಗಿರೀಶನಿಗೆ ಎಲ್ಲ ತಿಳಿಯಿತು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡ.

"ಪ್ಯಾಕ್ ಮಾಡುವಾಗ ನನ್ನ ಕೈ ಜಾರಿ ಬಿತ್ತು. ಒಳಗಿನ ಪಾರ್ಟು ಹಾಳಾಗೈತೆ. ಬಿದ್ದಿದ್ದಕ್ಕೆ ವಾರಂಟಿ ಬರಲ್ಲ. ನಾನೇ ರಿಪೇರಿ ಮಾಡಿಸ್ಕೊಡ್ತೀನಿ, ಸ್ವಲ್ಪ ದಿನ ಆಗುತ್ತೆ."

ರಾಜಿ ಕೌಂಟರಿಗೆ ಇನ್ನಷ್ಟು ಹತ್ತಿರ ಸರಿದಳು.

"ಬಿತ್ತು? ಮತ್ತ ಹನ್ನೆರಡು ದಿನ ಫೋನಿನಾಗ ನಗಿಸಿದ್ದು? ಮೊದಲ ದಿನ ನನ್ನನ್ನ ಕೇಳಿದ್ರಲ್ಲ, ಯಾರು ಬಿಚ್ಚಿದ್ರು ಅಂತ. ನಿಮ್ಮ ತಪ್ಪು ಮುಚ್ಚಾಕ ಆಗಲೇ ದಾರಿ ಮಾಡಿಕೊಂಡಿದ್ರೇನು?"

ಅವನು ಜೇಬಿನ ಕಾಗದವನ್ನು ಇನ್ನಷ್ಟು ಒಳಗೆ ತಳ್ಳಿದ.

ಅವಳು ಚೀಲದಿಂದ ಸ್ಟಿಕರಿನ ಹಾಳೆ ತೆಗೆದಳು. ಒಂದು ಕೆಂಪು ಬಾಣ ಕಿತ್ತು, ಸೀದಾ ಅವನ ಬ್ಯಾಡ್ಜಿನ ಮೇಲೆ, ಹೆಸರಿನ ಕಡೆಗೆ ಮೊನೆ ಮಾಡಿ ಅಂಟಿಸಿದಳು.

"ತಪ್ಪು ಇಲ್ಲೈತಿ."

ಹೊರಗೆ ಬರುವಾಗ ಕಣ್ಣೀರು ಬಂತು. ಲೆನ್ಸಿಗಾಗಿ ಅಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು. ನಂಬಿದ್ದೆನಲ್ಲ... ಅನ್ನುವ ಸಂಕಟ ಅದು.

ಮನೆಗೆ ಬಂದವಳೇ ಕಂಪನಿಗೆ ದೂರು ಬರೆದಳು. ಕಂಪನಿಯವರು ಗಿರೀಶನನ್ನು ಕೇಳಿದರು. ರಿಪೋರ್ಟಿನಲ್ಲಿದ್ದ ಎಣ್ಣೆಯೂ ತನ್ನಿಂದಲೇ ಆದದ್ದು ಅಂತ ಅವನು ಒಪ್ಪಿಕೊಂಡ. ತರಬೇತಿಯ ಪಟ್ಟಿಯಿಂದ ಹೆಸರು ಹೋಯಿತು. ಮಡಕಶಿರಾದ ಸಣ್ಣ ಕೌಂಟರಿಗೆ ಅವನನ್ನು ಹಾಕಿದರು. ಇಷ್ಟು ಸುದ್ದಿ ಮೊಬೈಲ್ ಅಂಗಡಿಯವರಿಂದ ಅವಳ ಕಿವಿಗೂ ಬಿತ್ತು.

ಬೆಳಿಗ್ಗೆ ಹನ್ನೊಂದು ಗಂಟೆ ದಿನವೂ ಬರುತ್ತಿತ್ತು. ಅವಳ ಕೈ ಫೋನಿನ ಮೇಲೆ ಹೋಗಿ ಹಿಂದೆ ಸರಿಯುತ್ತಿತ್ತು.

ಮೂರು ವಾರದ ಮೇಲೆ ಪಾರ್ಸಲ್ ಬಂತು. ಲೆನ್ಸ್ ಹೊಸದರಂತಿತ್ತು. ಅಂಗಳದ ತಂತಿಯ ಮೇಲೆ ಒಣಗುತ್ತಿದ್ದ ಪ್ಯಾಂಟಿನ ಫೋಟೋ ತೆಗೆದು ನೋಡಿದಳು. ಒಂದೊಂದು ಹೊಲಿಗೆಯೂ ಎಣಿಸುವಂತೆ ಕಾಣುತ್ತಿತ್ತು. ಕೆಲಸ ಉಳಿಯಿತು.

ಡಬ್ಬಿಯ ತಳದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ. ಬದಲಾಯಿಸಿದ ಹಳೆಯ ಪಾರ್ಟುಗಳನ್ನು ಕಂಪನಿಯವರು ಹಾಗೆ ಹಿಂದಿರುಗಿಸುತ್ತಾರೆ. ಬಿದ್ದು ಮುರಿದದ್ದು ಹೇಗಿದೆಯೋ ನೋಡೋಣವೆಂದು ಬಿಚ್ಚಿದಳು.

ಏನೂ ಮುರಿದಿರಲಿಲ್ಲ. ಬೆರಳಿಗೆ ಜಿಡ್ಡು ಹತ್ತಿತು. ಮೂಗಿನ ಹತ್ತಿರ ಹಿಡಿದಳು.

ಆ ವಾಸನೆ...

ಹುಟ್ಟಿದಾಗಿನಿಂದ ಅವಳಿಗೆ ಗೊತ್ತಿದ್ದ ವಾಸನೆ. ಜಾತ್ರೆಯಲ್ಲಿ ಹೆಗಲ ಮೇಲೆ ಕೂತಾಗ, ಜ್ವರ ಬಂದಾಗ ಹಣೆ ಮುಟ್ಟಿದಾಗ, ಬೆಂಗಳೂರಿನ ಬಸ್ ಹತ್ತಿಸಿ ತಲೆ ಸವರಿದಾಗ ಇದ್ದ ವಾಸನೆ. ಹೊಲಿಗೆ ಮೆಷಿನ್ ಎಣ್ಣೆ.

"ಅಪ್ಪ," ಅಂದಳು.

ಸಣ್ಣಬಸಪ್ಪ ಉಣ್ಣುತ್ತಿದ್ದವನು ತುತ್ತು ತಟ್ಟೆಗೆ ಇಳಿಸಿದ.

"ರಿಂಗ್ ಬಿಗಿ ಆಗೈತಿ, ತಿರುಗಂಗಿಲ್ಲ ಅಂತಿದ್ದಿ ಯವ್ವಾ. ನಮಗ ಗೊತ್ತಿರೋದು ಒಂದೇ. ಏನರ ಬಿಗಿ ಆದ್ರ ಎರಡು ಹನಿ ಎಣ್ಣಿ ಬಿಡೋದು. ನೀನು ಮಲಗಿದ್ದಿ, ಬಿಟ್ಟೆ. ಹಗುರಾಗಿ ತಿರುಗಿತು. ನಂಗ ಎಷ್ಟು ಖುಷಿ ಆತು ಗೊತ್ತೇನು..." ಅವನ ದನಿ ಒಡೆಯಿತು. "ಎಂಟು ವರ್ಷ ಊರು ಬಿಟ್ಟು ದುಡಿದಿದ್ದನ್ನ ಅಪ್ಪನೇ ಹಾಳು ಮಾಡಿದ ಅಂತ ಹೆಂಗ ಹೇಳಲಿ? ಆ ಹುಡುಗಗ ಕೈ ಮುಗಿದೆ. ಅವನು ತಪ್ಪು ತನ್ನ ಮ್ಯಾಲೆ ಹಾಕಿಕೊಂತಾನ ಅಂತ ನಾನು ಅಂದುಕೊಂಡಿರಲಿಲ್ಲ."

ರಾಜಿಗೆ ಅಳುವೂ ಬಂತು, ನಗುವೂ ಬಂತು. ಅಪ್ಪನ ಜಿಡ್ಡುಗೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ನನಗ ಹೇಳಿದ್ರ ಎರಡು ದಿನ ಬಯ್ಯತಿದ್ದೆ ಅಷ್ಟ. ಈಗ ನೋಡು, ಅವನ ತರಬೇತಿ ಹೋತು. ನನ್ನ ಕೈಯಾರೆ ಕಳೆದೆ."

ಸಣ್ಣಬಸಪ್ಪ ತಟ್ಟೆ ಬದಿಗೆ ಸರಿಸಿದ. ಆಮೇಲೆ ಕೈ ತೊಳೆದು ಬಂದು ಕೂತ.

"ಇನ್ನೊಂದು ಕಾಗದ ಬರಿ. ಎಣ್ಣಿ ಬಿಟ್ಟಾವ ನಾನು ಅಂತ ಬರಿ. ನನ್ನ ಹೆಸರು ಹಾಕು. ಸಹಿ ನಾನ ಮಾಡ್ತೀನಿ."

ಮರುದಿನ ಕಲ್ಯಾಣದುರ್ಗದಲ್ಲಿ ಒಂದು ಬಸ್ಸು, ಪಾವಗಡದಲ್ಲಿ ಇನ್ನೊಂದು ಬಸ್ಸು ಹಿಡಿದು ರಾಜಿ ಮಡಕಶಿರಾ ತಲುಪಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದಳು. ಝೆರಾಕ್ಸ್ ಅಂಗಡಿಯೊಳಗಿನ ಆ ಪುಟ್ಟ ಕೌಂಟರ್ ಕಂಡ ಕೂಡಲೇ ಎಲ್ಲ ಮರೆತುಹೋಯಿತು.

ಗಿರೀಶ್ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ. ಬ್ಯಾಡ್ಜಿನ ಮೇಲೆ ಕೆಂಪು ಬಾಣ ಹಾಗೇ ಇತ್ತು. ಅಂಚು ಸ್ವಲ್ಪ ಮಾಸಿತ್ತು, ಅಷ್ಟೇ.

"ಇದನ್ನ ಯಾಕ ಕಿತ್ತಿಲ್ರಿ?"

ಅವನು ಬೆಚ್ಚಿ ಎದ್ದು ನಿಂತ. "ನೀವಾ... ಲೆನ್ಸ್ ಮತ್ತೆ ಕೆಟ್ಟೋಯ್ತಾ?"

"ಲೆನ್ಸ್ ಚೊಲೋ ಐತಿ. ಕೇಳಿದ್ದಕ್ಕ ಹೇಳ್ರಿ."

"ನೀವು ಕೊಟ್ಟಿದ್ದು ಅಂತ ಇರೋದು ಇದೊಂದೇ ಅಲ್ವಾ."

ರಾಜಿ ಚೀಲ ತೆರೆದಳು. ಕಾಗದ ಮುಂದಿಟ್ಟಳು. ಗಿರೀಶ್ ಓದಿದ. ಕೆಳಗೆ ಸಣ್ಣಬಸಪ್ಪನ ಸಹಿ, ಪಕ್ಕದಲ್ಲಿ ಒಂದು ಎಣ್ಣೆಯ ಬೆರಳಚ್ಚು.

"ಅಪ್ಪನ ಕೈಲಿ ಯಾಕೆ ಬರೆಸಿದ್ರಿ?"

"ಅಪ್ಪನೇ ಬರೆಸಿದ್ದು. ಕಂಪನಿಗೂ ಕಳಿಸೀವಿ. ಅಷ್ಟು ಮಾತು ಅಂದೆ ನಾನು. ಒಂದು ಸಲ ನಿಜ ಹೇಳಬಾರದಿತ್ತೇನು?"

"ಅಷ್ಟು ದೊಡ್ಡೋರು ಕೈ ಮುಗಿದ್ರೆ ಬಾಯಿ ಬರಲಿಲ್ಲ ಕಣ್ರೀ. ಅದೂ ನಿಮ್ಮ ಅಪ್ಪ." ಅವನು ಕಾಗದ ನೋಡುತ್ತಲೇ ಹೇಳಿದ. "ನೀವು ನನ್ನ ಮೇಲೆ ಸಿಟ್ಟಾದ್ರೂ ಪರವಾಗಿಲ್ಲ, ಅವರ ಮೇಲೆ ಆಗಬಾರ್ದು ಅನ್ನಿಸ್ತು. ಆಮೇಲೆ ಗೊತ್ತಾಯ್ತು, ಪರವಾಗಿಲ್ಲ ಅಂದುಕೊಂಡಿದ್ದು ಸುಳ್ಳು ಅಂತ. ಹನ್ನೊಂದು ಗಂಟೆ ಆದ್ರೆ ಇವತ್ತಿಗೂ ಫೋನ್ ನೋಡ್ತೀನಿ."

"ನಾನೂ ನೋಡ್ತೀನಿ," ಅಂದಳು. ಅಷ್ಟು ಹೇಳಲು ಎರಡು ಬಸ್ಸು ಬದಲಿಸಬೇಕಾಯಿತು.

ಆಮೇಲೆ ಅವಳು ಕೈ ಚಾಚಿದಳು. ಬ್ಯಾಡ್ಜಿನ ಮೇಲಿನ ಬಾಣವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸತೊಡಗಿದಳು.

"ಚೆಕರ್ ಮೇಡಂ, ಈ ಪೀಸು ಪಾಸಾ, ರಿಜೆಕ್ಟಾ?"

"ತಪ್ಪಿಲ್ಲದ ಪೀಸಿಗೆ ಬಾಣ ಇರಬಾರದ್ರಿ."

ಬಾಣ ಕೈಗೆ ಬಂತು. ಅದನ್ನು ಅವಳು ತನ್ನ ಅಂಗೈಗೆ ಅಂಟಿಸಿಕೊಂಡಳು. ಗಿರೀಶ್ ಆ ಅಂಗೈಯನ್ನು ಹಿಡಿದು ಮುಚ್ಚಿದ. ಬಿಡಲಿಲ್ಲ.

ರಾಜಿ ತಲೆ ತಗ್ಗಿಸಿ ಕೇಳಿದಳು.

"ನಾಳೆ ಹನ್ನೊಂದಕ್ಕ ಫೋನ್ ಮಾಡ್ಲೇನು?"

"ಏನಂತ ಕೇಳ್ತೀರಾ? ಲೆನ್ಸ್ ಬಂದಾಯ್ತಲ್ಲ."

"ಲೆನ್ಸ್ ಬಂತು. ಇನ್ನ ನೀವು ಬರ್ರಿ ಮನೀಗೆ. ಅಪ್ಪ ಕಾಯ್ತಾನ."

ಗಿರೀಶನ ಕಣ್ಣು ಒದ್ದೆಯಾಗಿದ್ದವು. ಈ ಸಲ ಅವನು ಅಣಕಿಸಲಿಲ್ಲ.

"ಬರ್ತೀನ್ರಿ."