ಕಲ್ಲಿನ ಅಜ್ಜಿಗೆ ‘ಹೋಗಿ ಬಾ’ ಅಂದೆ

ಬೇರೊಂದು ದೇಶದಲ್ಲಿ ಯುದ್ಧ ಶುರುವಾದಾಗ ಅಲ್ಲಿನ ಮ್ಯೂಸಿಯಮ್ಮಿನಿಂದ ಕಾಪಾಡಲೆಂದು ಸಾಗಿಸಿದ ಕಲ್ಲಿನ ಅಜ್ಜಿಯ ವಿಗ್ರಹ ದೋಹಾದ ನಮ್ಮ ಗೋದಾಮಿನಲ್ಲಿತ್ತು. ಯುದ್ಧ ಮುಗಿದ ಮೇಲೆ ವಾಪಸ್ ಕಳಿಸಲು ಪ್ಯಾಕ್ ಮಾಡಿದ್ದು ನಾವೇ, ನಾನು ಮತ್ತು ಸೂಪರ್‌ವೈಸರ್ ಜ್ಯೋತ್ಸ್ನಕ್ಕ. ಒಂದು ಗೀರೂ ಬೀಳಲಿಲ್ಲ, ನೋಡಿ! ಪೆಟ್ಟಿಗೆ ಲಾರಿ ಹತ್ತುವಾಗ, ಊರಲ್ಲಿ ಎಲ್ಲರಿಗೂ ಹೇಳುವಂತೆ, "ಹೋಗಿ ಬಾ ಅಜ್ಜಿ" ಎಂದುಬಿಟ್ಟೆ.

"ಎಂತ ಶರಣ್, ಅವಳು ಹೋಗುವುದೇ ಅವಳ ಮನೆಗೆ. ಪುನಃ ಇಲ್ಲಿಗೆ ಯಾಕೆ ಬರಬೇಕು ಮಾರಾಯ?" ಜ್ಯೋತ್ಸ್ನಕ್ಕ ನಕ್ಕರು.

ಮರುವಾರ ಅಲ್ಲಿಂದ ವೀಡಿಯೊ ಕಾಲ್ ಬಂತು. ಅಜ್ಜಿ ತನ್ನ ಹಳೆಯ ಪೀಠದ ಮೇಲೆ ಕೂತಿದ್ದಳು, ಜನ ಅಳುತ್ತಲೇ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮಿಬ್ಬರ ಹೆಸರನ್ನೂ ಕೂಗಿ ಹೇಳಿದರು. ನನ್ನ ಎದೆ ಉಬ್ಬಿಹೋಯಿತು.

ಫೋನಿಟ್ಟು ತಿರುಗಿದರೆ, ಇಲ್ಲಿ ಅಜ್ಜಿ ಕೂರುತ್ತಿದ್ದ ಖಾಲಿ ಕಟ್ಟೆಗೆ ಹಾಸಿದ್ದ ಸ್ಪಂಜು, ಅವಳು ಹೋದ ಮೇಲೆ ಉಬ್ಬಿಕೊಂಡಿದ್ದದ್ದು, ಮತ್ತೆ ಯಾರೋ ಕೂತಂತೆ ತಗ್ಗಿತ್ತು. ಏಸಿಯ ಚಳಿಯಲ್ಲೂ ಅದು ಬಿಸಿಲಿನ ಕಲ್ಲಿನಷ್ಟು ಬಿಸಿ. ಹಸಿ ಮಣ್ಣಿನ ವಾಸನೆ ಬೇರೆ.

"‘ಬಾ’ ಅಂತ ಕರೆದದ್ದು ನೀನೇ, ಬೇಡ ಅಂತಲೂ ನೀನೇ ಹೇಳು." ಈ ಸಲ ಜ್ಯೋತ್ಸ್ನಕ್ಕ ನಗಲಿಲ್ಲ.

"ಮನೆಯಲ್ಲೇ ಇರು ಅಜ್ಜಿ, ಅಲ್ಲಿ ಎಲ್ಲರಿಗೂ ನೀನು ಬೇಕು" ಅಂದೆ.

ಅಲ್ಲಿ ಅಜ್ಜಿ ಪೀಠದ ಮೇಲೇ ಇದ್ದಾಳಂತೆ. ನಿನ್ನೆ ಇಲ್ಲಿ ಹೊಸ ಸ್ಪಂಜು ಹಾಕಿದೆವು. ಇವತ್ತು ಬೆಳಿಗ್ಗೆ ಅದೂ ತಗ್ಗಿತ್ತು.